ಚಾಕರಿಯ ದಿನವೂ ಪತ್ರದ ದಿನವೂ

ಒಬ್ಬನು ಚಾಕರಿಗೆ ಸೇರಿದ ದಿನವೊಂದು. ಆ ಚಾಕರಿಯ ನಿಬಂಧನೆಗಳನ್ನು ಬರೆದ ಪತ್ರವು ಅವನ ಕೈಸೇರಿದ ದಿನ ಮತ್ತೊಂದು. ಇವೆರಡೂ ಒಂದೇ ದಿನವಾಗಿರಬೇಕೆಂಬುದು ಈಗಿನ ಕಾಲದವರಾದ ನಮಗೆ ಸಹಜವಾಗಿ ತೋರುವ ಮಾತು. ಆದರೆ ಕರ್ನಾಟಕದಲ್ಲಿ ದುಡಿದು ಬಾಳಿದವರ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ನೋಡುತ್ತ ಬಂದರೆ, ಈ ಎರಡು ದಿನಗಳು ಕೂಡಿಬಂದುದೇ ಅಪೂರ್ವವೆಂದೂ, ಇವುಗಳ ನಡುವೆ ಹತ್ತಿಪ್ಪತ್ತು ವರ್ಷಗಳೂ ಕೆಲವೆಡೆ ತಲೆಮಾರುಗಳೂ ಕಳೆದುಹೋಗಿರುವುವೆಂದೂ ಗೊತ್ತಾಗುತ್ತದೆ. ಪತ್ರವು ತಡವಾಗಿ ಬಂದಿತೆಂಬುದಷ್ಟೇ ಆಗಿದ್ದರೆ ಅದನ್ನು ಕುರಿತು ಬರೆಯಬೇಕಾದ ಅವಶ್ಯವಿರಲಿಲ್ಲ. ತಡವಾಗಿ ಬಂದ ಪತ್ರವು ಯಾವ ದಿನದಿಂದ ಮಾತನಾಡಲು ತೊಡಗುತ್ತದೆ, ಅದು ಬರುವವರೆಗೆ ನಡೆದ ದುಡಿಮೆಗೆ ಸಾಕ್ಷಿಯಾಗಿ ನಿಲ್ಲುವವರು ಯಾರು ಎಂಬ ಎರಡು ಪ್ರಶ್ನೆಗಳೇ ಇಲ್ಲಿನ ಮುಖ್ಯ ವಿಷಯ. ಎಷ್ಟೋ ಜನರ ಮುಪ್ಪಿನ ಅನ್ನವು ಈ ಪ್ರಶ್ನೆಗಳಿಗೆ ದೊರೆಯುವ ಉತ್ತರವನ್ನು ಅವಲಂಬಿಸಿದೆ.

ಮೊದಲು ಹಳ್ಳಿಯನ್ನು ನೋಡೋಣ. ಮೈಸೂರಿನ ಚರಿತ್ರೆಯನ್ನು ಬರೆದ ಮಾರ್ಕ್ ವಿಲ್ಕ್ಸ್ ಸಾಹೇಬನು ೧೮೧೦ರಲ್ಲಿ ಪ್ರಕಟವಾದ ತನ್ನ ಗ್ರಂಥದ ಮೊದಲ ಸಂಪುಟದಲ್ಲಿ ಹಳ್ಳಿಯ ಹನ್ನೆರಡು ಮಂದಿ ಆಯಗಾರರನ್ನು ಒಬ್ಬೊಬ್ಬರನ್ನಾಗಿ ಎಣಿಸಿ ಹೇಳಿದ್ದಾನೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲೆ, ಇವರೇ ಆ ಹನ್ನೆರಡು ಮಂದಿ. ಸ್ಥಳದಿಂದ ಸ್ಥಳಕ್ಕೆ ಈ ಪಟ್ಟಿಯಲ್ಲಿ ಒಂದೆರಡು ಹೆಸರುಗಳು ವ್ಯತ್ಯಾಸವಾಗುವುದುಂಟು. ಇವರಿಗೆ ತಿಂಗಳ ಸಂಬಳವಿರಲಿಲ್ಲ. ಕೆಲವರಿಗೆ ಮಾನ್ಯದ ಭೂಮಿ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಅಳೆದುಕೊಡುವ ‘ಆಯ’. ‘ಆಯಗಾರ’ನೆಂಬ ಹೆಸರು ಈ ಪಾಲಿನಿಂದಲೇ ಬಂದುದು. ಇದಕ್ಕೆ ಸ್ವಲ್ಪ ಮೊದಲು, ೧೮೦೦-೧೮೦೧ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಣದಲ್ಲಿ ರಾಶಿಯನ್ನು ಹಂಚುವ ಕ್ರಮವನ್ನು ಬಹಳ ಶ್ರದ್ಧೆಯಿಂದ ಬರೆದಿಟ್ಟಿದ್ದಾನೆ. ದೇವರಿಗೆಷ್ಟು, ಬ್ರಾಹ್ಮಣರಿಗೆಷ್ಟು, ಹಳ್ಳಿಯ ಅಧಿಕಾರಿಗಳಿಗೂ ಕೆಲಸದವರಿಗೂ ಎಷ್ಟೆಷ್ಟು ಎಂಬುದನ್ನೆಲ್ಲ ಮೊದಲು ತೆಗೆದು, ಆ ಮೇಲೆಯೇ ಉಳಿದುದು ಸರಕಾರಕ್ಕೂ ರೈತನಿಗೂ ಪಾಲಾಗುತ್ತಿತ್ತು.

ಇಲ್ಲಿ ಗಮನಿಸಬೇಕಾದುದು ಪಾಲಿನ ಪ್ರಮಾಣವಲ್ಲ. ಪಾಲು ದೊರೆಯುತ್ತಿದ್ದ ಸ್ಥಳ. ಕಣವು ಬಯಲು. ಅಲ್ಲಿ ಅಳೆಯುವವನನ್ನು ಊರೇ ನೋಡುತ್ತದೆ. ನೀರಗಂಟಿಯು ಕೆರೆಯ ತೂಬನ್ನು ವರ್ಷವೆಲ್ಲ ಕಾದನೋ ಇಲ್ಲವೋ ಎಂಬುದು ಆ ನೀರಿನಿಂದ ಬೆಳೆದವರೆಲ್ಲರಿಗೂ ತಿಳಿದ ಸಂಗತಿ. ಅವನು ತನ್ನ ಪಾಲನ್ನು ಪಡೆದು ತಲೆಯ ಮೇಲೆ ಹೊತ್ತುಕೊಂಡು ಹೋದುದೇ ಅವನು ನೀರಗಂಟಿಯೆಂಬುದಕ್ಕೆ ಆ ವರ್ಷದ ಸಾಕ್ಷಿ. ಮುಂದಿನ ಸುಗ್ಗಿಯಲ್ಲಿ ಆ ಸಾಕ್ಷಿಯು ಮತ್ತೆ ಹೊಸದಾಗುತ್ತಿತ್ತು. ಹೀಗಿರುವಲ್ಲಿ ಪತ್ರದ ಅಗತ್ಯವೇನು? ಶಾನುಭೋಗನ ಸಂಗತಿಯಂತೂ ವಿನೋದವಾಗಿದೆ. ಊರಿನ ಲೆಕ್ಕವನ್ನೆಲ್ಲ ಬರೆಯುವವನು ಅವನು. ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಕಪ್ಪು ಮಾಡಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಎಲ್ಲರ ಹಕ್ಕುಬಾಧ್ಯತೆಗಳನ್ನು ಬರೆದಿಡುವವನು ಅವನು. ಆದರೆ ಅವನ ಸ್ವಂತ ಅಧಿಕಾರವಾದರೋ ಬಹುಮಟ್ಟಿಗೆ ತಂದೆಯಿಂದ ಮಗನಿಗೆ ಬಂದ ಮಿರಾಶಿ; ಊರ ಜನದ ಒಪ್ಪಿಗೆಯೇ ಅದಕ್ಕೆ ಆಧಾರ.

ಈ ವ್ಯವಸ್ಥೆಯನ್ನು ಹೊಗಳುವುದಕ್ಕಾಗಿ ಇದನ್ನು ಹೇಳಿದುದಲ್ಲ. ಕಣದ ಸಾಕ್ಷಿಯು ಬಯಲಿನದಾಗಿದ್ದರೂ ಬಂಧನವು ಬಂಧನವೇ. ತೋಟಿಯ ಮಗನು ತೋಟಿಯೇ ಆಗಬೇಕು. ಅವನು ತನ್ನ ಪಾಲನ್ನು ಚೌಕಾಸಿ ಮಾಡಿ ಪಡೆದವನಲ್ಲ. ಬಿಟ್ಟುಹೋಗುವ ಸ್ವಾತಂತ್ರ್ಯವೂ ಅವನಿಗೆ ಹೆಸರಿಗಷ್ಟೆ. ಊರಿನ ಅತ್ಯಂತ ಕೆಳಗಿನ ಕೆಲಸಗಳು ಅಸ್ಪೃಶ್ಯರೆನಿಸಿಕೊಂಡವರ ಪಾಲಿಗೆ ಜಾತಿಯ ಮೂಲಕವೇ ಬಂದಿದ್ದುವು. ಕರಾರೆಂದರೆ ಎರಡು ಪಕ್ಷಗಳ ಒಪ್ಪಂದವಷ್ಟೆ. ಇಲ್ಲಿ ಒಂದು ಪಕ್ಷದ ಮಾತನ್ನು ಯಾರೂ ಕೇಳಿದುದಿಲ್ಲ. ಆದರೂ ಒಂದು ಸಂಗತಿ ಉಳಿಯುತ್ತದೆ: ಆ ತೋಟಿಯು ಇಷ್ಟು ವರ್ಷ ದುಡಿದನೆಂಬುದನ್ನು ಅಲ್ಲಗಳೆಯುವುದು ಊರಿನಲ್ಲಿ ಯಾರಿಗೂ ಸಾಧ್ಯವಿರಲಿಲ್ಲ. ಮುಂದಿನ ಕಾಲದಲ್ಲಿ ಅವನ ಸಂತತಿಯವರಿಗೆ ಈ ಅನುಕೂಲವೂ ತಪ್ಪಿತು.

ಪತ್ರವು ಹಳ್ಳಿಯನ್ನು ಹೊಕ್ಕುದು ಇಂಗ್ಲಿಷರ ಆಡಳಿತದಲ್ಲಿ. ಅದಕ್ಕೆ ಮುಂಚೆ ಪತ್ರಗಳಿರಲಿಲ್ಲವೆಂದಲ್ಲ. ಸರಕಾರವು ರೈತನಿಗೆ ಕೊಡುವ ಕೌಲು, ರೈತನು ಸರಕಾರಕ್ಕೆ ಬರೆದುಕೊಡುವ ಮುಚ್ಚಳಿಕೆ, ಮೇಲಿನಿಂದ ಬರುವ ನಿರೂಪ, ದತ್ತಿಯ ಸನ್ನದು, ಇವೆಲ್ಲ ನಮ್ಮ ಹಳೆಯ ಕಾಗದಗಳಲ್ಲಿ ಹೇರಳವಾಗಿ ದೊರೆಯುವುವು. ಆದರೆ ಪತ್ರವಿಲ್ಲದಿದ್ದರೆ ಹಕ್ಕೇ ಇಲ್ಲವೆಂಬ ಭಾವನೆಯು ಬಲವಾಗಿ ಬೇರೂರಿದುದು ಇನಾಮು ವಿಚಾರಣೆಯ ಕಾಲದಲ್ಲಿ. ಧಾರವಾಡ ಬೆಳಗಾವಿಗಳು ಸೇರಿದ್ದ ಮುಂಬಯಿ ಇಲಾಖೆಯಲ್ಲಿ ೧೮೫೨ರ ೧೧ನೆಯ ಕಾಯಿದೆಯಿಂದಲೂ, ಬಳ್ಳಾರಿಯು ಸೇರಿದ್ದ ಮದರಾಸು ಇಲಾಖೆಯಲ್ಲಿ ೧೮೫೮ರಿಂದಲೂ ಇನಾಮು ಕಮಿಷನ್ನುಗಳು ಕೆಲಸಕ್ಕೆ ತೊಡಗಿದುವು. ಭೂಮಿಯನ್ನು ಯಾರು ಕೊಟ್ಟರು, ಯಾವಾಗ ಕೊಟ್ಟರು, ಸನ್ನದು ಎಲ್ಲಿದೆ ಎಂದು ಕೇಳಿದಾಗ, ಮುತ್ತಜ್ಜನ ಕಾಲದಿಂದ ಉಣ್ಣುತ್ತಿದ್ದ ಎಷ್ಟೋ ಮನೆಯವರು ಬರಿಗೈಯಲ್ಲಿ ನಿಂತರು. ಬಹುಕಾಲದ ಅನುಭವವನ್ನೂ ಕೆಲವು ಮಿತಿಗಳೊಳಗೆ ಸಾಕ್ಷಿಯಾಗಿ ಒಪ್ಪಲಾಯಿತೆಂಬುದು ನಿಜ. ಮದರಾಸು ಇಲಾಖೆಯಲ್ಲಿ ಕಟ್ಟುಗುತ್ತಿಗೆಯನ್ನು ಒಪ್ಪಿಕೊಂಡವರಿಗೆ ಹಕ್ಕುಪತ್ರವನ್ನು ಬರೆದುಕೊಟ್ಟರೆಂಬುದೂ ನಿಜ. ಹೀಗೆ ಪತ್ರವು ತಲೆಮಾರುಗಳಷ್ಟು ತಡವಾಗಿ ಬಂದಿತು. ಅದು ಹಳೆಯ ಹಕ್ಕನ್ನು ಬರೆದಿಟ್ಟಂತೆ ತೋರಿದರೂ ವಾಸ್ತವವಾಗಿ ಹೊಸ ಹಕ್ಕೊಂದನ್ನು ಹೊಸ ಷರತ್ತಿನ ಮೇಲೆ ಕೊಡುತ್ತಿತ್ತು. ತಡವಾಗಿ ಬಂದ ಪತ್ರಗಳ ಈ ಎರಡು ಮುಖಗಳನ್ನು ವಾಚಕರು ಮುಂದೆಯೂ ಕಾಣುವರು.

ಇದೇ ಕಾಲದಲ್ಲಿ ಕೊಡಗಿನಲ್ಲಿಯೂ ಮಲೆನಾಡಿನಲ್ಲಿಯೂ ಕಾಪಿಯ ತೋಟಗಳು ಹಬ್ಬುತ್ತಿದ್ದುವು. ಅಲ್ಲಿ ಪತ್ರವು ಮೊದಲೇ ಬಂದಿತು; ಆದರೆ ಅದು ಕೂಲಿಕಾರನ ಕೈಗೆ ಬರಲಿಲ್ಲ. ಮೇಸ್ತ್ರಿಯ ಮೂಲಕ ಮುಂಗಡವನ್ನು ಪಡೆದು ಕೆಲಸಕ್ಕೆ ಒಪ್ಪಿದವನು ಬಾರದೆ ಹೋದರೆ, ೧೮೫೯ರ ೧೩ನೆಯ ಕಾಯಿದೆಯ ಪ್ರಕಾರ ಮ್ಯಾಜಿಸ್ಟ್ರೇಟನು ಅವನಿಗೆ ಹಣವನ್ನು ಹಿಂದಿರುಗಿಸೆಂದೋ ಕೆಲಸವನ್ನು ಮಾಡೆಂದೋ ಆಜ್ಞೆ ಮಾಡಬಹುದಾಗಿತ್ತು; ಆಜ್ಞೆಯನ್ನು ಮೀರಿದರೆ ಮೂರು ತಿಂಗಳವರೆಗೆ ಕಠಿನ ಸಜೆ. ಮೊದಲು ಕಲ್ಕತ್ತೆ, ಮದರಾಸು, ಮುಂಬಯಿ ನಗರಗಳಿಗಾಗಿ ಮಾಡಿದ ಈ ಕಾಯಿದೆಯು ತೋಟದ ಧಣಿಗಳಿಗೆ ಬಹಳ ಉಪಯೋಗಕ್ಕೆ ಬಂದಿತು. ೧೯೨೫ರಲ್ಲಿ ಇದನ್ನು ರದ್ದುಮಾಡುವ ಶಾಸನವಾಗಿ, ಮರುವರ್ಷದ ಏಪ್ರಿಲಿನಿಂದ ಅದು ನಿಂತುಹೋಯಿತು. ದುಡಿಯುವವನ ಪಾಲಿಗೆ ಬರಹವೆಂದರೆ ತನ್ನನ್ನು ಹಿಡಿದು ತರುವ ಸಾಧನವೆಂಬ ಅಂಜಿಕೆಯು ನಮ್ಮ ಜನರಲ್ಲಿ ಹುಟ್ಟಿದುದಕ್ಕೆ ಇಂತಹ ಅನುಭವಗಳೂ ಒಂದು ಕಾರಣವೆಂದು ನಮ್ಮ ಊಹೆ.

ಕಾರಖಾನೆಗಳ ವಿಷಯದಲ್ಲಿ ೧೯೪೬ರ ಸ್ಥಾಯಿ ಆದೇಶಗಳ ಕಾಯಿದೆಯು ಒಂದು ಹೆಜ್ಜೆ ಮುಂದೆ ಹೋಯಿತು. ನೂರು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆಗಳಲ್ಲಿ ಧಣಿಯು ಚಾಕರಿಯ ನಿಬಂಧನೆಗಳನ್ನು ಸ್ಪಷ್ಟವಾಗಿ ಬರೆದು, ಅಧಿಕಾರಿಯಿಂದ ದೃಢೀಕರಿಸಿಕೊಂಡು, ಇಂಗ್ಲಿಷಿನಲ್ಲಿಯೂ ಹೆಚ್ಚು ಮಂದಿಗೆ ತಿಳಿಯುವ ಭಾಷೆಯಲ್ಲಿಯೂ ಹಲಗೆಯ ಮೇಲೆ ಅಂಟಿಸಬೇಕೆಂದು ವಿಧಿಸಿತು. ಕಾಯಂ, ಪರೀಕ್ಷಾರ್ಥಿ, ಬದಲಿ, ತಾತ್ಕಾಲಿಕ, ಆಕಸ್ಮಿಕ, ಅಭ್ಯಾಸಿ ಎಂಬ ವರ್ಗಗಳು ಮಾದರಿ ಆದೇಶಗಳಲ್ಲಿ ಕಾಣಿಸಿಕೊಂಡುವು. ಆದರೆ ಇದು ಬಾಗಿಲ ಬಳಿಯ ಹಲಗೆ, ಎಲ್ಲರಿಗೂ ಸಾಮಾನ್ಯವಾದುದು. ತಾನು ಯಾವ ವರ್ಗದವನು, ಯಾವ ದಿನದಿಂದ ಆ ವರ್ಗಕ್ಕೆ ಸೇರಿದವನು ಎಂಬುದನ್ನು ಹಲಗೆಯು ಹೇಳಲಾರದು. ಕೂಲಿಕಾರನ ಜಗಳವೆಲ್ಲ ಅಷ್ಟರಲ್ಲಿಯೇ ಇತ್ತು.

ಹಳ್ಳಿಯ ಹಳೆಯ ಚಾಕರಿಯು ಕೊನೆಗಂಡುದು ೧೯೬೧ರ ಮೈಸೂರು ಗ್ರಾಮಾಧಿಕಾರಗಳ ನಿರ್ಮೂಲನ ಕಾಯಿದೆಯಿಂದ. ಇದು ೧೯೬೩ನೆಯ ಫೆಬ್ರವರಿ ೧ರಂದು ಜಾರಿಗೆ ಬಂದಿತು. ಪಟೇಲ ಶಾನುಭೋಗರ ವಂಶಪಾರಂಪರ್ಯದ ಅಧಿಕಾರವು ಆ ದಿನ ಹೋಯಿತು. ಸರಕಾರವು ಆಜ್ಞೆಯಿಂದ ನೇಮಿಸಿದ ಗ್ರಾಮಲೆಕ್ಕಿಗರು ಅವರ ಸ್ಥಳಕ್ಕೆ ಬಂದರು. ತಳವಾರ ತೋಟಿ ನೀರಗಂಟಿಗಳ ಚಾಕರಿಯ ಭೂಮಿಯು ಸರಕಾರಕ್ಕೆ ಸೇರಿ, ಅನುಭವಿಸುತ್ತಿದ್ದವರಿಗೇ ಮರುಮಂಜೂರು ಮಾಡಬೇಕೆಂದಾಯಿತು. ತಲೆಮಾರುಗಳ ದುಡಿಮೆಗೆ ಕೊನೆಗೂ ಒಂದು ಕಾಗದವು ಬರುವ ಸಮಯ ಬಂದಿತು. ಆದರೆ ಅದು ಬಂದುದು ಚಾಕರಿಯೇ ಹೋದ ಮೇಲೆ. ಆ ಕಾಗದಕ್ಕಾಗಿ ತಾಲ್ಲೂಕು ಕಚೇರಿಗೂ ನ್ಯಾಯಸ್ಥಾನಕ್ಕೂ ಅಲೆದವರ ವಾರಸುದಾರರು ಇನ್ನೂ ಅಲೆಯುತ್ತಿದ್ದುದು ದಶಕಗಳ ನಂತರದ ಮೊಕದ್ದಮೆಗಳಲ್ಲಿ ಕಾಣುತ್ತದೆ.

ಇಲ್ಲಿಂದ ಮುಂದೆ ಸರಕಾರವೇ ನಾಡಿನ ದೊಡ್ಡ ಧಣಿ. ರಸ್ತೆ, ನೀರಾವರಿ, ಅರಣ್ಯ, ಕಚೇರಿಗಳ ಕೆಲಸವು ಬೆಳೆದಂತೆಲ್ಲ ಮಂಜೂರಾದ ಹುದ್ದೆಗಳು ಸಾಲದೆ, ಇಲಾಖೆಗಳು ದಿನಗೂಲಿಯ ಮೇಲೆ ಜನರನ್ನು ತೆಗೆದುಕೊಂಡುವು. ಇವರಿಗೆ ನೇಮಕದ ಆಜ್ಞೆಯಿರಲಿಲ್ಲ. ಇವರ ಹೆಸರಿದ್ದುದು ಹಾಜರಿ ಪಟ್ಟಿಯಲ್ಲಿ, ಎಂದರೆ ಜನರು ‘ಮಸ್ಟರ್ ರೋಲು’ ಎನ್ನುವ ಕಾಗದದಲ್ಲಿ. ಈ ಪಟ್ಟಿಯನ್ನು ಬರೆಯುವವನೂ ಇಟ್ಟುಕೊಳ್ಳುವವನೂ ಧಣಿಯ ಕಡೆಯವನೇ. ಶಾನುಭೋಗನ ಕಡತವೂ ಹೀಗೆಯೇ ಅಲ್ಲವೆ ಎಂದು ಕೇಳಬಹುದು. ಕಡತವು ಸುಳ್ಳು ಹೇಳಿದರೆ ಅದನ್ನು ತಿದ್ದಲು ಕಣವಿತ್ತು, ಊರಿತ್ತು. ಹಾಜರಿ ಪಟ್ಟಿಯು ಕಚೇರಿಯ ಬೀರುವಿನಲ್ಲಿ ಮರೆಯಾದರೆ ಅದನ್ನು ತಿದ್ದುವ ಬಯಲು ಎಲ್ಲಿಯೂ ಇಲ್ಲ.

ಇದರ ಪರಿಣಾಮವನ್ನು ಕರ್ನಾಟಕದಿಂದಲೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಎರಡು ಮೊಕದ್ದಮೆಗಳು ಚೆನ್ನಾಗಿ ತೋರಿಸುತ್ತವೆ. ಔದ್ಯೋಗಿಕ ವಿವಾದಗಳ ಕಾಯಿದೆಗೆ ೧೯೫೩ರಲ್ಲಿ ಸೇರಿಸಿದ ಭಾಗದ ಪ್ರಕಾರ, ಒಂದು ವರ್ಷದಲ್ಲಿ ೨೪೦ ದಿನ ದುಡಿದವನನ್ನು ನೋಟೀಸನ್ನೂ ಪರಿಹಾರವನ್ನೂ ಕೊಡದೆ ತೆಗೆಯುವಂತಿರಲಿಲ್ಲ. ದುಡಿಮೆಯೇ ತನ್ನ ಪರವಾಗಿ ಮಾತನಾಡಲೆಂಬುದೇ ಈ ವಿಧಿಯ ಉದ್ದೇಶ. ಪತ್ರದ ಮಾತು ಇಲ್ಲಿ ಬರುವುದೇ ಇಲ್ಲ. ಆದರೆ ೨೦೦೨ರಲ್ಲಿ ಅರಣ್ಯ ಇಲಾಖೆಯ ಮೊಕದ್ದಮೆಯೊಂದರಲ್ಲಿ, ತಾನು ೨೪೦ ದಿನ ದುಡಿದೆನೆಂದು ಕೆಲಸಗಾರನು ಪ್ರಮಾಣಮಾಡಿ ಹೇಳಿದರೆ ಸಾಲದು, ಸಂಬಳವನ್ನು ಪಡೆದುದಕ್ಕೋ ನೇಮಕವಾದುದಕ್ಕೋ ದಾಖಲೆಯನ್ನು ತರಬೇಕೆಂದು ತೀರ್ಪಾಯಿತು. ಕೊಡದ ಪತ್ರವನ್ನು ತೋರಿಸೆಂದು ಕೇಳಿದಂತಾಯಿತು! ಮೂರು ವರ್ಷಗಳ ಮೇಲೆ, ೨೦೦೫ರಲ್ಲಿ, ಇನ್ನೊಬ್ಬ ದಿನಗೂಲಿ ನೌಕರನ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಈ ಮಾತನ್ನು ಸ್ವಲ್ಪ ಸಡಿಲಿಸಿತು. ರುಜುವಾತಿನ ಹೊರೆಯು ಕೆಲಸಗಾರನದೇ ಹೌದು. ಆದರೆ ದಿನಗೂಲಿಯವನಿಗೆ ನೇಮಕದ ಪತ್ರವಾಗಲಿ ತೆಗೆದುಹಾಕಿದ ಪತ್ರವಾಗಲಿ ಸಂಬಳದ ರಸೀತಿಯಾಗಲಿ ಇರುವುದಿಲ್ಲ. ಹೆಚ್ಚೆಂದರೆ ಅವನು ಹಾಜರಿ ಪಟ್ಟಿಯನ್ನು ತರಿಸಬೇಕೆಂದು ನ್ಯಾಯಸ್ಥಾನವನ್ನು ಬೇಡಬಲ್ಲನು ಎಂಬ ವಾಸ್ತವಸ್ಥಿತಿಯನ್ನು ಒಪ್ಪಿಕೊಂಡಿತು. ಅಧಿಕಾರಿಯೊಬ್ಬರು ಬರೆದುಕೊಟ್ಟಿದ್ದ ಒಂದು ಪ್ರಮಾಣಪತ್ರವು ಆ ನೌಕರನನ್ನು ಉಳಿಸಿತು. ಒಬ್ಬರ ದಾಕ್ಷಿಣ್ಯದಿಂದ ದೊರೆತ ತುಂಡು ಕಾಗದವು ಆರು ವರ್ಷದ ದುಡಿಮೆಗಿಂತ ಗಟ್ಟಿಯಾದ ಸಾಕ್ಷಿಯಾಯಿತೆಂಬುದು ಚರಿತ್ರಕಾರನು ಮರೆಯತಕ್ಕ ಸಂಗತಿಯಲ್ಲ.

ಇನ್ನು ಕಾಯಂ ಮಾಡುವ ವಿಷಯ. ೧೯೮೪ರ ಜುಲೈ ೧ರ ನಂತರ ದಿನಗೂಲಿಯವರನ್ನು ತೆಗೆದುಕೊಳ್ಳಕೂಡದೆಂದು ರಾಜ್ಯಸರಕಾರವು ಗೊತ್ತುಮಾಡಿತ್ತು. ಅದಕ್ಕೆ ಹಿಂದೆ ಸೇರಿದವರ ಗತಿಯೇನೆಂಬ ಪ್ರಶ್ನೆಯನ್ನು ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘವು ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟಿತು. ರಾಜ್ಯದಲ್ಲಿ ಇಂತಹವರು ಸುಮಾರು ೫೦,೦೦೦ ಮಂದಿಯಿರುವರೆಂದೂ ಅನೇಕರು ೧೬ರಿಂದ ೨೦ ವರ್ಷಗಳವರೆಗೆ ಎಡೆಬಿಡದೆ ದುಡಿದವರೆಂದೂ ಅರ್ಜಿದಾರರು ಹೇಳಿದರು. ೧೯೯೦ರ ಫೆಬ್ರವರಿಯಲ್ಲಿ ತೀರ್ಪು ಹೊರಟಿತು. ೧೯೮೯ರ ಡಿಸೆಂಬರ್ ೩೧ಕ್ಕೆ ಹತ್ತು ವರ್ಷಗಳನ್ನು ಪೂರೈಸಿದವರಲ್ಲಿ ೧೮,೬೦೦ ಮಂದಿಯನ್ನು ಹಿರಿತನ ಮತ್ತು ಯೋಗ್ಯತೆಗಳ ಮೇಲೆ ೧೯೯೦ರ ಜನವರಿ ೧ರಿಂದ ಕಾಯಂ ಮಾಡಬೇಕು. ಉಳಿದವರನ್ನು ಹಂತಹಂತವಾಗಿ ೧೯೯೭ರ ಕೊನೆಯೊಳಗೆ ತೆಗೆದುಕೊಳ್ಳಬೇಕು ಎಂದು ಅದರ ಸಾರ. ಈ ತೀರ್ಪು ಉದಾರವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪತ್ರವು ಮಾತನಾಡಲು ತೊಡಗಿದುದು ೧೯೯೦ರ ಜನವರಿ ೧ರಿಂದ. ಹಿಂದಿನ ಹತ್ತು ವರ್ಷಗಳು ಅರ್ಹತೆಯನ್ನು ಅಳೆಯುವ ಕೋಲಾದುವೇ ಹೊರತು ಕಾಯಂ ಸೇವೆಯೆಂದು ಎಣಿಕೆಗೆ ಬರಲಿಲ್ಲ.

೧೯೮೪ರ ನಿಷೇಧದ ನಂತರವೂ ಇಲಾಖೆಗಳು ದಿನಗೂಲಿಯವರನ್ನು ತೆಗೆದುಕೊಳ್ಳುತ್ತಲೇ ಹೋದುವು. ವಾಣಿಜ್ಯ ತೆರಿಗೆಗಳ ಇಲಾಖೆಯಲ್ಲಿ ೧೯೮೫-೮೬ರಲ್ಲಿ ಹೀಗೆ ಸೇರಿದ ಕೆಲವರು, ಹತ್ತು ವರ್ಷ ದುಡಿದ ಮೇಲೆ, ಕಾಯಂ ಪತ್ರವನ್ನು ಕೋರಿದರು. ಆಡಳಿತ ನ್ಯಾಯಮಂಡಲಿಯು ಒಪ್ಪಲಿಲ್ಲ. ಉಚ್ಚ ನ್ಯಾಯಾಲಯವು ಅವರ ಪಕ್ಷವನ್ನು ಹಿಡಿಯಿತು. ಸರಕಾರವು ಮೇಲಕ್ಕೆ ಹೋಯಿತು. ೨೦೦೬ನೆಯ ಏಪ್ರಿಲ್ ೧೦ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಕೊಟ್ಟ ತೀರ್ಪು ‘ಉಮಾದೇವಿ ಮೊಕದ್ದಮೆ’ಯೆಂದು ದೇಶದಲ್ಲೆಲ್ಲ ಪ್ರಸಿದ್ಧವಾಗಿದೆ. ಸರಕಾರದ ಹುದ್ದೆಯು ಎಲ್ಲ ಪ್ರಜೆಗಳಿಗೂ ತೆರೆದುದಾಗಿರಬೇಕು. ಪ್ರಕಟನೆಯಿಲ್ಲದೆ, ಸ್ಪರ್ಧೆಯಿಲ್ಲದೆ ಒಳಗೆ ಬಂದವನು ಬಹುಕಾಲ ಇದ್ದನೆಂಬ ಕಾರಣದಿಂದಲೇ ಹಕ್ಕುದಾರನಾಗಲಾರನು. ತಾತ್ಕಾಲಿಕವೆಂದು ಬಲ್ಲವನಾಗಿಯೇ ಅವನು ಕೆಲಸವನ್ನು ಒಪ್ಪಿದನು ಎಂದು ನ್ಯಾಯಮೂರ್ತಿ ಬಾಲಸುಬ್ರಹ್ಮಣ್ಯನ್‌ ಅವರು ಪೀಠದ ಪರವಾಗಿ ಬರೆದರು. ಮಂಜೂರಾದ ಖಾಲಿ ಹುದ್ದೆಗಳಲ್ಲಿ, ತಕ್ಕ ಯೋಗ್ಯತೆಯಿದ್ದು, ನ್ಯಾಯಸ್ಥಾನದ ಆಜ್ಞೆಯ ಆಸರೆಯಿಲ್ಲದೆ ಹತ್ತು ವರ್ಷ ದುಡಿದವರನ್ನು ಮಾತ್ರ ಒಂದು ಸಲಕ್ಕೆಂದು ಕಾಯಂ ಮಾಡಬಹುದೆಂಬ ಕಿಂಡಿಯೊಂದನ್ನು ೫೩ನೆಯ ಪ್ಯಾರಾದಲ್ಲಿ ತೆರೆದಿಟ್ಟರು.

ಈ ತೀರ್ಪನ್ನು ಬರಿಯ ನಿಷ್ಠುರವೆಂದು ತಳ್ಳಿಹಾಕುವುದು ಸರಿಯಲ್ಲ. ಹಿಂಬಾಗಿಲಿನಿಂದ ಬಂದವರಿಗೆಲ್ಲ ಪತ್ರವನ್ನು ಕೊಟ್ಟರೆ ಹೊರಗೆ ಕಾದು ನಿಂತವರಿಗೆ ಅನ್ಯಾಯವಾಗುವುದೆಂಬ ಮಾತಿನಲ್ಲಿ ಹುರುಳಿದೆ; ಮೀಸಲಾತಿಯ ಕ್ರಮವೂ ಆ ಬಾಗಿಲಿನಿಂದ ಕೆಡುತ್ತದೆ. ಆದರೆ ‘ಬಲ್ಲವನಾಗಿಯೇ ಒಪ್ಪಿದನು’ ಎಂಬ ವಾದವನ್ನು ನಾವು ಒಪ್ಪಲಾರೆವು. ಒಪ್ಪದೆ ಏನು ಮಾಡಬಲ್ಲವನಾಗಿದ್ದನು? ಹತ್ತು ವರ್ಷಗಳವರೆಗೆ ಪ್ರತಿದಿನವೂ ನಡೆಯುವ ಕೆಲಸವನ್ನು ತಾತ್ಕಾಲಿಕವೆಂದು ಹೆಸರಿಸಿದವನು ಧಣಿಯಷ್ಟೆ. ಮುಂದೆ ಇಲಾಖೆಗಳು ತೀರ್ಪಿನ ಮೊದಲ ಭಾಗವನ್ನು ಬಾಯಿಪಾಠ ಮಾಡಿದುವು, ಕಿಂಡಿಯನ್ನು ಮರೆತುವು. ೨೦೧೦ರಲ್ಲಿ, ಮತ್ತೆ ಕರ್ನಾಟಕದ ಮೊಕದ್ದಮೆಯೊಂದರಲ್ಲಿಯೇ, ಅರ್ಹರಾದವರೆಲ್ಲರ ವಿಚಾರವು ಮುಗಿಯುವ ತನಕ ಆ ‘ಒಂದು ಸಲ’ದ ಕೆಲಸವು ಮುಗಿದಂತಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ನೆನಪುಮಾಡಬೇಕಾಯಿತು. ೨೦೧೨ರಲ್ಲಿ ರಾಜ್ಯವು ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿಗಾಗಿ ಪ್ರತ್ಯೇಕ ಶಾಸನವನ್ನೇ ಮಾಡಿತು. ೨೦೨೪ರ ಡಿಸೆಂಬರಿನಲ್ಲಿ, ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ಕಸಗುಡಿಸುವವರೇ ಮೊದಲಾದ ಕೆಲವರ ಮೊಕದ್ದಮೆಯಲ್ಲಿ, ಬಹುಕಾಲ ದುಡಿದವರ ನ್ಯಾಯವಾದ ಕೋರಿಕೆಯನ್ನು ತಳ್ಳುವುದಕ್ಕೆ ಉಮಾದೇವಿ ತೀರ್ಪನ್ನು ಆಯುಧವನ್ನಾಗಿ ಮಾಡಕೂಡದೆಂದು ಅದೇ ನ್ಯಾಯಾಲಯವು ಎಚ್ಚರಿಸಿತು.

ಕಸಗುಡಿಸುವವರ ಮಾತು ಬಂದುದರಿಂದ ಬೆಂಗಳೂರಿಗೆ ಬರೋಣ. ಹಳ್ಳಿಯ ತೋಟಿಯ ಕೆಲಸವು ನಗರದಲ್ಲಿ ಯಾರ ಕೈಗೆ ಬಂದಿತೋ ಅವರನ್ನು ನಾವು ಪೌರಕಾರ್ಮಿಕರೆನ್ನುತ್ತೇವೆ. ಹೆಸರು ಗೌರವದ್ದು, ಕೆಲಸವನ್ನು ಮಾಡುವವರಲ್ಲಿ ಬಹುಮಂದಿ ಈಗಲೂ ದಲಿತರು, ಅವರಲ್ಲಿಯೂ ಹೆಂಗಸರು. ಐ. ಪಿ. ಡಿ. ಸಾಲಪ್ಪನವರ ಸಮಿತಿಯು ೧೯೭೬ರ ತನ್ನ ವರದಿಯಲ್ಲಿ ಇವರ ಬಾಳನ್ನೂ ಕೆಲಸವನ್ನೂ ಪರೀಕ್ಷಿಸಿ, ೫೦೦ ನಿವಾಸಿಗಳಿಗೆ ಒಬ್ಬರಂತೆ ಪೌರಕಾರ್ಮಿಕರಿರಬೇಕೆಂದು ಸೂಚಿಸಿತ್ತು. ನಗರವು ಬೆಳೆಯಿತು, ಕಾಯಂ ಹುದ್ದೆಗಳು ಅದರೊಡನೆ ಬೆಳೆಯಲಿಲ್ಲ. ನಡುವೆ ಗುತ್ತಿಗೆದಾರರು ಬಂದರು. ಆಗ ಬೀದಿ ನಗರದ್ದು, ಪೊರಕೆ ಹಿಡಿದವಳು ಗುತ್ತಿಗೆದಾರನವಳು ಎಂಬ ವಿಚಿತ್ರವಾದ ಸ್ಥಿತಿಯುಂಟಾಯಿತು. ಗುತ್ತಿಗೆದಾರರು ಬದಲಾಗುತ್ತಿದ್ದರು, ಬೀದಿಯೂ ಪೊರಕೆಯೂ ಬದಲಾಗಲಿಲ್ಲ. ಮುಂದೆ ಗುತ್ತಿಗೆಯನ್ನು ತಪ್ಪಿಸಿ ನೇರವಾಗಿ ಸಂಬಳವನ್ನು ಕೊಡುವ ಕ್ರಮವು ಬಂದರೂ ಕಾಯಂ ಪತ್ರವು ಬರಲಿಲ್ಲ. ೨೦೨೨ರ ಜುಲೈ ತಿಂಗಳ ಮೊದಲಿನಲ್ಲಿ ಪೌರಕಾರ್ಮಿಕರು ಕೆಲಸವನ್ನು ನಿಲ್ಲಿಸಿ ಕುಳಿತರು.

೨೦೨೫ನೆಯ ಮೇ ೧ರಂದು, ಕಾರ್ಮಿಕರ ದಿನದಲ್ಲಿ, ಬೆಂಗಳೂರಿನ ೧೨,೬೯೨ ಮಂದಿ ಪೌರಕಾರ್ಮಿಕರಿಗೆ ಮುಖ್ಯಮಂತ್ರಿಗಳಾದ ಸಿದ್ಧರಾಮಯ್ಯನವರ ಸರಕಾರವು ಕಾಯಂ ನೇಮಕದ ಪತ್ರಗಳನ್ನು ಹಂಚಿತು. ಚಾಕರಿಯ ಪತ್ರದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ದಿನವು ನಮ್ಮ ನಾಡಿನಲ್ಲಿ ವಿರಳ. ಹಳ್ಳಿಯ ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗಿದ್ದವರ ಕೈಗೆ ಪತ್ರವು ಎಲ್ಲರಿಗಿಂತ ಕಡೆಯಲ್ಲಿ ಬಂದಿತು, ಆದರೂ ಬಂದಿತು. ಈ ಸಂತೋಷವನ್ನು ಮನಸಾರೆ ಒಪ್ಪಿಕೊಂಡೇ ಮೊದಲನೆಯ ಪ್ರಶ್ನೆಯನ್ನು ಮತ್ತೆ ಕೇಳಬೇಕಾಗುತ್ತ‌ದೆ: ಪತ್ರವು ಯಾವ ದಿನದಿಂದ ಮಾತನಾಡುತ್ತದೆ? ಉದಾಹರಣೆಗೆ, ೧೯೯೮ರಲ್ಲಿ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಪೊರಕೆ ಹಿಡಿದ ಒಬ್ಬ ಹೆಂಗಸನ್ನು ಊಹಿಸಿಕೊಳ್ಳಿರಿ. ೨೦೨೫ರಲ್ಲಿ ಅವಳಿಗೆ ಐವತ್ತೈದು. ರಾಜ್ಯದ ಸೇವೆಯಿಂದ ನಿವೃತ್ತಿಯು ಅರವತ್ತಕ್ಕೆ. ಪತ್ರದ ಲೆಕ್ಕದಲ್ಲಿ ಅವಳ ಸೇವೆ ಐದು ವರ್ಷ. ಬೀದಿಯ ಲೆಕ್ಕದಲ್ಲಿ ಮೂವತ್ತೆರಡು. ಮೇಲಾಗಿ, ೨೦೦೬ರ ಏಪ್ರಿಲ್ ೧ರಿಂದ ಈಚೆಗೆ ರಾಜ್ಯದ ಸೇವೆಗೆ ಸೇರಿದವರಿಗೆ ಹಳೆಯ ನಿವೃತ್ತಿವೇತನದ ಬದಲು ವಂತಿಗೆಯ ಪದ್ಧತಿಯು ಬಂದಿತು. ವಂತಿಗೆ ಬೆಳೆಯಬೇಕಾದರೆ ವರ್ಷಗಳು ಬೇಕು. ಆಕೆಯು ದುಡಿಯಲು ತೊಡಗಿದುದು ಆ ದಿನಕ್ಕೆ ಎಷ್ಟೋ ಹಿಂದೆ. ಆಕೆಯ ಪತ್ರದ ದಿನವು ಅದಕ್ಕೆ ಹತ್ತೊಂಬತ್ತು ವರ್ಷ ಮುಂದೆ.

ಪತ್ರವು ತಡವಾದರೂ ಹಿಂದಿನಿಂದ ಮಾತನಾಡುವಂತೆ ಮಾಡಲು ಸಾಧ್ಯವಿಲ್ಲವೆ? ಇಂಗ್ಲೆಂಡಿನಲ್ಲಿ ಇದನ್ನು ಒಂದು ರೀತಿಯಲ್ಲಿ ಬಿಡಿಸಿಕೊಂಡರು. ಅಲ್ಲಿಯೂ ಶತಮಾನಗಳವರೆಗೆ ಆಳಿನ ಕರಾರು ಬಾಯಿಮಾತಿನದೇ. ೧೯೬೩ರ ಉದ್ಯೋಗ ಕರಾರುಗಳ ಕಾಯಿದೆಯು, ಕೆಲಸಕ್ಕೆ ಸೇರಿದ ೧೩ ವಾರಗಳೊಳಗೆ ನಿಬಂಧನೆಗಳ ವಿವರವನ್ನು ಬರೆದುಕೊಡಬೇಕೆಂದು ವಿಧಿಸಿತು. ಯೂರೋಪಿನ ೧೯೯೧ರ ನಿರ್ದೇಶನದ ನಂತರ ಇದು ಎರಡು ತಿಂಗಳಾಯಿತು. ೨೦೨೦ರ ಏಪ್ರಿಲ್ ೬ರಿಂದ ಸೇರಿದ ದಿನವೇ ಕೊಡಬೇಕೆಂದಾಯಿತು. ನಮಗೆ ಮುಖ್ಯವಾದುದು ಈ ಅವಧಿಗಳಲ್ಲ. ಕೆಲಸವು ಯಾವ ದಿನ ಆರಂಭವಾಯಿತೆಂಬುದನ್ನು ಆ ವಿವರದಲ್ಲಿ ಬರೆಯಲೇಬೇಕೆಂದು ೧೯೬೩ರಲ್ಲಿಯೇ ವಿಧಿಸಿದ್ದರು. ಇದಲ್ಲದೆ, ೧೯೮೧ರ ಒಂದು ತೀರ್ಪಿನಲ್ಲಿ ಅಲ್ಲಿಯ ನ್ಯಾಯಮಂಡಲಿಯು ಈ ವಿವರಪತ್ರವು ಕರಾರಿಗೆ ಬಲವಾದ ಸಾಕ್ಷಿಯೇ ಹೊರತು ಕರಾರೇ ಅಲ್ಲವೆಂದು ಹೇಳಿತು. ಕರಾರು ಹುಟ್ಟಿದುದು ದುಡಿಮೆ ತೊಡಗಿದ ದಿನ; ಪತ್ರವು ಅದನ್ನು ನೆನಪಿಗೆ ತರುವ ಸಾಧನ. ನಮ್ಮ ೧೮೭೨ರ ಕರಾರು ಕಾಯಿದೆಯಾದರೂ ಬಾಯಿಮಾತಿನ ಕರಾರನ್ನು ಅಲ್ಲಗಳೆಯುವುದಿಲ್ಲ. ಆದರೆ ಸರಕಾರಿ ಚಾಕರಿಯು ಕರಾರಿಗಿಂತ ಹೆಚ್ಚಾಗಿ ಒಂದು ಪದವಿಯೆಂದು ಸರ್ವೋಚ್ಚ ನ್ಯಾಯಾಲಯವು ೧೯೬೭ರಲ್ಲಿ ಹೇಳಿದೆ. ಪದವಿಯು ಆಜ್ಞೆಯಿಂದ ಹುಟ್ಟುವಂತಹದು. ಆಜ್ಞೆಗೆ ಹಿಂದಿನ ಕಾಲವು ಅದಕ್ಕೆ ಕಾಣುವುದಿಲ್ಲ. ಇಂಗ್ಲೆಂಡಿನ ಖಾಸಗಿ ನೌಕರನ ಪತ್ರವೂ ಬೆಂಗಳೂರಿನ ಪೌರಕಾರ್ಮಿಕಳ ಪತ್ರವೂ ಬೇರೆ ಬೇರೆ ದಿನಗಳಿಂದ ಮಾತನಾಡುವುದಕ್ಕೆ ಮೂಲಕಾರಣವು ಇಲ್ಲಿದೆಯೆಂದು ನಮಗೆ ತೋರುತ್ತದೆ.

ಕಡೆಯದಾಗಿ, ನಮ್ಮಲ್ಲಿಯೂ ಈಗ ಒಂದು ಹೊಸ ವಿಧಿಯು ಬಂದಿದೆ. ೨೦೨೦ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದಿತು. ಅದರ ೬ನೆಯ ಪ್ರಕರಣದಂತೆ ಧಣಿಯು ತನ್ನ ಸಂಸ್ಥೆಯ ಪ್ರತಿಯೊಬ್ಬ ಉದ್ಯೋಗಿಗೂ ನೇಮಕದ ಪತ್ರವನ್ನು ಕೊಡಬೇಕು. ಸಂಹಿತೆಯು ಜಾರಿಗೆ ಬರುವ ದಿನದವರೆಗೂ ಪತ್ರವನ್ನು ಪಡೆಯದವನಿಗೆ ಅಂದಿನಿಂದ ಮೂರು ತಿಂಗಳೊಳಗೆ ಕೊಡಬೇಕು. ಎಷ್ಟೋ ವರ್ಷಗಳ ಹಿಂದೆ ಸೇರಿದವನಿಗೆ ಈಗ ಪತ್ರವೆಂಬ ವಿಷಯವನ್ನು ಶಾಸನವೇ ಬಾಯಿಬಿಟ್ಟು ಹೇಳಿದುದು ನಮ್ಮ ದೇಶದಲ್ಲಿ ಗಮನಿಸತಕ್ಕ ಸಂಗತಿ. ಆ ಪತ್ರದಲ್ಲಿ ಏನೇನು ಇರಬೇಕೆಂಬುದನ್ನು ಕೇಂದ್ರಸರಕಾರವು ೨೦೨೦ರಲ್ಲಿ ಹೊರಡಿಸಿದ ಕರಡು ನಿಯಮಗಳಲ್ಲಿ ಪಟ್ಟಿ ಮಾಡಿತ್ತು. ಹೆಸರು, ತಂದೆಯ ಹೆಸರು, ಹುದ್ದೆ, ಕೌಶಲದ ವರ್ಗ, ಸಂಬಳ ಮೊದಲಾದುವುಗಳ ನಡುವೆ ‘ಸೇರಿದ ದಿನಾಂಕ’ವೆಂಬ ಒಂದು ಅಂಕಣವೂ ಅಲ್ಲಿದೆ. ಪತ್ರವಿಲ್ಲದೆ ಇಪ್ಪತ್ತು ವರ್ಷ ದುಡಿದವನ ಪತ್ರದಲ್ಲಿ ಆ ಅಂಕಣವನ್ನು ತುಂಬುವವನು ಹಾಜರಿ ಪಟ್ಟಿಯನ್ನು ಬೀರುವಿನಿಂದ ತೆಗೆದು ನೋಡಿ ತುಂಬುತ್ತಾನೆಯೋ, ಅಥವಾ ಪತ್ರಕ್ಕೆ ರುಜು ಹಾಕಿದ ದಿನವನ್ನೇ ಬರೆದುಬಿಡುತ್ತಾನೆಯೋ ಎಂಬುದನ್ನು ಮುಂದಿನ ಮೊಕದ್ದಮೆಗಳಿಂದ ತಿಳಿಯಬೇಕಾಗಿದೆ.